ಭಾವನವರು ಆಲ್ಪ್ಸ್ ಇಳಿಯಲಿದ್ದಾರೆ

ನಮ್ಮ ಭಾವನವರ ಪ್ರಕಾರ ಬೆಟ್ಟ ಇರುವುದು ಹತ್ತುವುದಕ್ಕೆ. ಹತ್ತಿದ ಮೇಲೆ ಇಳಿಯುವುದು ತಾನಾಗಿ ಆಗುತ್ತದೆ, ಅದಕ್ಕೆಲ್ಲ ಯಾರಾದರೂ ತಯಾರಿ ಮಾಡಿಕೊಳ್ಳುತ್ತಾರೆಯೆ? ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಜಯನಗರದ ಬೀದಿನಾಯಿಗಳನ್ನೆಲ್ಲ ಎಬ್ಬಿಸಿ, ನಂದಿಬೆಟ್ಟದ ತನಕ ಸೈಕಲ್ ತುಳಿಯುವ ಬೆಂಗಳೂರಿನ ಆ ವಿಶೇಷ ಪಂಗಡಕ್ಕೆ ಸೇರಿದವರು ಅವರು. ಮೇಲೆ ಮುಟ್ಟಿದ ಫೋಟೊ ಪ್ರತಿ ವಾರ ಬರುತ್ತದೆ. ಇಳಿಯುವಾಗಿನದು ಒಂದೂ ಬಂದಿಲ್ಲ. ಕೆಳಗೆ ಬಂದ ಮೇಲಿನ ತಟ್ಟೆ ಇಡ್ಲಿಯದು ಮಾತ್ರ ತಪ್ಪದೆ ಬರುತ್ತದೆ.

ಇಂಥವರು ಈ ಬೇಸಿಗೆಗೆ ಆಲ್ಪ್ಸ್‌ನಲ್ಲಿ ಮೌಂಟನ್ ಬೈಕ್ ಓಡಿಸಲು ಬರುತ್ತಿದ್ದಾರೆ. ನಾನು ಮ್ಯೂನಿಕ್‌ನಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ಯೋಜನಾ ಮಂತ್ರಿಯ ಖಾತೆ ನನ್ನ ಕೊರಳಿಗೆ ಬಿದ್ದಿದೆ. ಖಾತೆ ಮಾತ್ರ ನನ್ನದು, ಯೋಜನೆ ಭಾವನವರದೇ.

ಮೊದಲ ಜಟಾಪಟಿ ತಿಂಗಳಿನದು. "ಮೇನಲ್ಲಿ ಬಂದುಬಿಡ್ತೀವಿ ಕಣೋ, ಮಕ್ಕಳಿಗೂ ಬೇಸಿಗೆ ರಜ" ಎಂದರು. ಮೇ ತಿಂಗಳಲ್ಲಿ ಆಲ್ಪ್ಸ್‌ನ ಊರುಗಳು ಬಾಗಿಲು ಹಾಕಿಕೊಂಡು ಮಲಗಿರುತ್ತವೆ. ಸ್ಕೀ ಮುಗಿದಿರುತ್ತದೆ, ಸೈಕಲ್ ಶುರುವಾಗಿರುವುದಿಲ್ಲ. ಲಿಫ್ಟಿನವರು ತಂತಿ, ರಾಟೆಗಳ ರಿಪೇರಿಗೆ ಕೂತಿರುತ್ತಾರೆ. ಚಳಿಗಾಲವೆಲ್ಲ ಬೇರೆಯವರ ರಜೆ ನಡೆಸಿಕೊಟ್ಟ ಹೋಟೆಲಿನವರು ತಮ್ಮ ರಜೆಗೆ ಸಮುದ್ರದ ಕಡೆ ಹೊರಟಿರುತ್ತಾರೆ. ಬೈಕ್ ಪಾರ್ಕುಗಳು ಪೂರ್ತಿಯಾಗಿ ನಡೆಯುವುದು ಹೆಚ್ಚುಕಮ್ಮಿ ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಎತ್ತರದ ಕಣಿವೆದಾರಿಗಳಲ್ಲಂತೂ ಜುಲೈ ಬಂದರೂ ಹಿಮ ಅಲ್ಲಲ್ಲಿ ಜಾಗ ಬಿಟ್ಟುಕೊಟ್ಟಿರುವುದಿಲ್ಲ.

"ಹಾಗಾದ್ರೆ ಜುಲೈ" ಎಂದರು ಭಾವ. ಹಿಂದಿನಿಂದ ಅಮ್ಮನ ದನಿ ಕೇಳಿಸಿತು: "ಆಷಾಢದಲ್ಲಿ ಬೆಟ್ಟಗುಡ್ಡ ಅಂತ ಹೊರಡಬೇಡಿ." ಸರಿ, ಆಗಸ್ಟ್. ಈಗ ಅಕ್ಕ ಎದ್ದಳು. "ವರಮಹಾಲಕ್ಷ್ಮಿ ಹಬ್ಬ ಬಿಟ್ಟು ನಾನು ಎಲ್ಲಿಗೂ ಬರೋಳಲ್ಲ." ಹದಿನೈದನೇ ತಾರೀಖಿನ ಸ್ವಾತಂತ್ರ್ಯ ದಿನಕ್ಕೆ ಎರಡು ದಿನ ರಜೆ ಸೇರಿಸಿದರೆ ಹೇಗೆ ಎಂದು ಭಾವನವರ ಲೆಕ್ಕ. ಆದರೆ ಅದೇ ಆಗಸ್ಟ್ 15 ಫ್ರಾನ್ಸ್, ಇಟಲಿ, ಆಸ್ಟ್ರಿಯಾಗಳಲ್ಲೂ ರಜೆ, ಮೇರಿ ಮಾತೆಯ ಸ್ವರ್ಗಾರೋಹಣದ ಹಬ್ಬ. ಅರ್ಧ ಯುರೋಪು ಅವತ್ತು ಬೆಟ್ಟದಲ್ಲಿರುತ್ತದೆ, ಇನ್ನರ್ಧ ಬೀಚಿನಲ್ಲಿ. ಕೊನೆಗೆ ಪಂಚಾಂಗ ತೆಗೆದು, ವರಮಹಾಲಕ್ಷ್ಮಿ ಮುಗಿದು ಗೌರಿ-ಗಣೇಶ ಬರುವುದರೊಳಗಿನ ಕಿಂಡಿಯಲ್ಲಿ ಇಡೀ ಆಲ್ಪ್ಸ್ ಪರ್ವತಶ್ರೇಣಿಯನ್ನು ತುರುಕಿದ್ದಾಯಿತು.

ಜಾಗದ ವಿಷಯಕ್ಕೆ ಬಂದಾಗ ಭಾವನವರು ಒಂದು ವಿಡಿಯೊ ಕಳಿಸಿದರು. ಫ್ರಾನ್ಸಿನ ಆಲ್ಪ್ ದ್ಯುಏಝ್‌ನಲ್ಲಿ 1995ರಿಂದ ನಡೆಯುತ್ತಿರುವ ಮೆಗಾವಲಾಂಚ್ ಎಂಬ ಪಂದ್ಯದ್ದು. 3,330 ಮೀಟರ್ ಎತ್ತರದ ಪಿಕ್ ಬ್ಲಾಂ ಶಿಖರದಲ್ಲಿ, ಹಿಮನದಿಯ ಮೇಲೆ, ನೂರಾರು ಜನ ಹ್ಯಾಂಡಲ್ಲಿಗೆ ಹ್ಯಾಂಡಲ್ ತಾಗಿಸಿ ನಿಂತಿರುತ್ತಾರೆ. ಕಿವಿ ಕಿತ್ತುಹೋಗುವ ಹಾಡು. ಪಟ್ಟಿ ಎತ್ತಿದ್ದೇ ತಡ ಎಲ್ಲರೂ ಒಟ್ಟಿಗೆ ಮಂಜಿನ ಮೇಲೆ ಜಾರಿ, ಒಬ್ಬರ ಮೇಲೊಬ್ಬರು ಬಿದ್ದು, ಎದ್ದು, ಮತ್ತೆ ಜಾರಿ, 2,600 ಮೀಟರ್ ಕೆಳಗಿನ ಅಲ್ಮೋನ್ ಎಂಬ ಹಳ್ಳಿ ಸೇರಬೇಕು. ವಿಡಿಯೊದ ಕೆಳಗೆ ಭಾವನವರ ಷರಾ: "ಇದೇನಪ್ಪ, ಬರೀ ಇಳಿಜಾರು! ತುಳಿಯೋ ಕೆಲಸವೇ ಇಲ್ಲ." ಅಕ್ಕ ಅದನ್ನು ನೋಡಿದವಳು ಎಲ್‌ಐಸಿ ಪಾಲಿಸಿ ಎಲ್ಲಿಟ್ಟಿದ್ದೀರಿ ಎಂದಷ್ಟೇ ಕೇಳಿದಳಂತೆ.

ಹತ್ತುವ ಚಪಲದವರಿಗೆ ಇಲ್ಲಿ ಬೇರೆಯೇ ಒಂದು ಸಂಪ್ರದಾಯವಿದೆ. ಜರ್ಮನಿಯ ತಪ್ಪಲಿನಿಂದ ಹೊರಟು, ಆಲ್ಪ್ಸನ್ನೇ ಅಡ್ಡ ದಾಟಿ, ಇಟಲಿಯ ಗಾರ್ಡಾ ಸರೋವರಕ್ಕೆ ಇಳಿಯುವ ಟ್ರಾನ್ಸಾಲ್ಪ್. 1938ರಲ್ಲಿ ಐಗರ್‌ನ ಉತ್ತರ ಗೋಡೆಯನ್ನು ಮೊದಲ ಸಲ ಹತ್ತಿದ ನಾಲ್ವರಲ್ಲಿ ಆಂಡರ್ಲ್ ಹೆಕ್‌ಮೈರ್ ಒಬ್ಬರು. ಅವರ ಮಗ ಆಂಡ್ರಿಯಾಸ್ ಒಬರ್ಸ್ಟ್‌ಡಾರ್ಫ್‌ನಿಂದ ಗಾರ್ಡಾ ದಂಡೆಯ ರೀವಾವರೆಗೆ ಹುಡುಕಿದ ಸೈಕಲ್ ದಾರಿಗೆ ಇವತ್ತಿಗೂ ಆ ಮನೆತನದ್ದೇ ಹೆಸರು. ಒಂದು ವಾರದ ಕೆಲಸ. ಬಟ್ಟೆಬರೆ ಬೆನ್ನ ಮೇಲೆ, ರಾತ್ರಿ ಬೆಟ್ಟದ ಗುಡಿಸಲಿನ ಸಾಲು ಹಾಸಿಗೆಯಲ್ಲಿ ಅಪರಿಚಿತರ ಗೊರಕೆಯ ಜತೆ. ಶ್ರೋಫನ್ ಕಣಿವೆದಾರಿಯಲ್ಲಿ ಬಂಡೆಗೆ ಅಂಟಿದ ಕಾಲುಹಾದಿ, ಹಿಡಿದುಕೊಳ್ಳಲು ಉಕ್ಕಿನ ಹಗ್ಗ. ಅಲ್ಲಿ ಸೈಕಲ್ಲು ನಮ್ಮನ್ನು ಹೊರುವುದಿಲ್ಲ, ನಾವೇ ಅದನ್ನು ಹೊರಬೇಕು. ಇದನ್ನು ಹೇಳಿದ್ದೇ ಭಾವ ಮಾತು ಬದಲಿಸಿದರು. ಹತ್ತುವ ಉತ್ಸಾಹವೆಲ್ಲ ಸೈಕಲ್ಲಿನ ಮೇಲೆ ಕೂತಿರುವಾಗ ಮಾತ್ರ ಎಂದು ಅಂದೇ ಗೊತ್ತಾದದ್ದು.

ನನ್ನ ವೋಟು ಆಸ್ಟ್ರಿಯಾದ ಲಿಯೋಗಾಂಗ್‌ಗೆ ಇತ್ತು. 2012ರಲ್ಲೂ 2020ರಲ್ಲೂ ವಿಶ್ವ ಚಾಂಪಿಯನ್‌ಷಿಪ್ ನಡೆದ ಜಾಗ, ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಬೆಳಗಿನ ದಾರಿ, ಊಟಕ್ಕೆ ಸಿಹಿ ತಿನಿಸುಗಳಾದರೂ ಸಿಗುತ್ತವೆ. ಭಾವ ಒಪ್ಪಲಿಲ್ಲ. "ಆಫೀಸಲ್ಲಿ ಹೇಳಿಕೊಳ್ಳೋಕೆ ಒಂದು ತೂಕದ ಹೆಸರು ಬೇಕಲ್ಲೋ." ತೂಕ ನೋಡಿ ಆರಿಸಿದ್ದು ಫ್ರಾನ್ಸಿನ ಮೊರ್ಜೀನ್. ಜಿನೀವಾ ವಿಮಾನ ನಿಲ್ದಾಣದಿಂದ ರಸ್ತೆಯಲ್ಲಿ ಒಂದೂವರೆ ಗಂಟೆ. ಪೋರ್ಟ್ ದ್ಯು ಸೊಲೈ ಎಂಬ ಹನ್ನೆರಡು ಊರುಗಳ ಒಕ್ಕೂಟದಲ್ಲಿ ಅದೂ ಒಂದು. ಊರುಗಳು ಕೆಲವು ಫ್ರಾನ್ಸಿನಲ್ಲಿ, ಕೆಲವು ಸ್ವಿಟ್ಜರ್ಲೆಂಡಿನಲ್ಲಿ, ಲಿಫ್ಟಿನ ಪಾಸು ಮಾತ್ರ ಒಂದೇ. ಮೊರ್ಜೀನ್‌ನಿಂದ ಹೊರಟು ಗುಡ್ಡ ದಾಟಿ ಸ್ವಿಟ್ಜರ್ಲೆಂಡಿನ ಶಾಂಪೇರಿಗೆ ಇಳಿದು ಸಂಜೆಗೆ ಮರಳಬಹುದು. ಪಾಸ್‌ಪೋರ್ಟ್ ತೋರಿಸು ಎಂದು ಯಾರೂ ಅಡ್ಡ ನಿಲ್ಲುವುದಿಲ್ಲ. ಗಡಿ ದಾಟಿದ್ದನ್ನು ಗಮನಿಸುವುದು ಮೊಬೈಲ್ ಒಂದೇ. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲವಾದ್ದರಿಂದ ಜರ್ಮನಿಯ ಸಿಮ್ಮಿಗೆ ಅಲ್ಲಿ ರೋಮಿಂಗ್ ಮೀಟರು ಬೇರೆ ಓಡಬಹುದು. "ಒಂದು ವೀಸಾ, ಎರಡು ದೇಶ" ಎಂದು ಭಾವನವರಿಗೆ ಖುಷಿಯೋ ಖುಷಿ.

ಇನ್ನು ತಾಲೀಮು. ಈ ಮನುಷ್ಯ ಜನವರಿಯಿಂದ ನಂದಿಬೆಟ್ಟವನ್ನು ವಾರಕ್ಕೆರಡು ಸಲ ಹತ್ತುತ್ತಿದ್ದಾರೆ. ತೊಡೆ ಗಟ್ಟಿಯಾಗಿದೆ, ಸೊಂಟ ಎರಡಿಂಚು ಇಳಿದಿದೆ ಎಂದು ವರದಿ. ನಾನು ಒಂದು ದಿನ ಮೆಲ್ಲಗೆ ಕೇಳಿದೆ: "ಭಾವ, ಮೊರ್ಜೀನ್‌ನಲ್ಲಿ ಮೇಲಕ್ಕೆ ಹೋಗೋದು ಲಿಫ್ಟಲ್ಲಿ ಅಂತ ಗೊತ್ತು ತಾನೆ?" ಆ ಕಡೆಯಿಂದ ಮಾತಿಲ್ಲ. "ಅಂದ್ರೆ?" "ಅಂದ್ರೆ ಸೈಕಲ್ಲನ್ನ ಲಿಫ್ಟಿನ ಕೊಕ್ಕೆಗೆ ನೇತು ಹಾಕೋದು, ನೀವು ಒಳಗೆ ಕೂರೋದು. ತುದೀಲಿ ಇಳಿಸಿಕೊಂಡು ಕೆಳಕ್ಕೆ ಬಿಡೋದು. ಮತ್ತೆ ಲಿಫ್ಟು. ಸಂಜೆವರೆಗೂ ಅಷ್ಟೇ." "ಮತ್ತೆ ನಾನು ಆರು ತಿಂಗಳಿಂದ ಹತ್ತಿದ್ದು?" ಅದಕ್ಕೆ ಉತ್ತರ ನನ್ನಲ್ಲಿ ಇರಲಿಲ್ಲ, ಅವರೂ ಕಾಯಲಿಲ್ಲ. ಮರುದಿನ ಹೊಸ ಸಿದ್ಧಾಂತ ಬಂತು: ಲಿಫ್ಟ್ ಇದ್ದರೆ ರಜೆ ಪೂರ್ತಿ ಸುಖ, ಗಾಳಿ ಕುಡಿಯುತ್ತ ಕೂತರೆ ಆಯಿತು.

ಈ ಸಿದ್ಧಾಂತ ಮುರಿಯಲು ಒಂದು ಲೆಕ್ಕ ಕೊಡಬೇಕಾಯಿತು. ಮೊರ್ಜೀನ್ ಪೇಟೆ ಇರುವುದು ಸುಮಾರು 1,000 ಮೀಟರ್ ಎತ್ತರದಲ್ಲಿ, ಬೆಂಗಳೂರಿಗಿಂತ ತುಸುವೇ ಮೇಲೆ. ಪೇಟೆ ನಡುವಿನಿಂದಲೇ ಏಳುವ ಪ್ಲೆನೆ ಲಿಫ್ಟಿನ ತುದಿ ಸುಮಾರು 1,500. ನಂದಿಬೆಟ್ಟ 1,478. ಅಂದರೆ ದೇವರು ಭಾವನವರಿಗೆಂದೇ ನಂದಿಬೆಟ್ಟವನ್ನು ಫ್ರಾನ್ಸಿನಲ್ಲಿ ಇನ್ನೊಮ್ಮೆ ಕಟ್ಟಿಸಿ, ಟಾರು ಕಿತ್ತುಹಾಕಿ, ಆ ಜಾಗದಲ್ಲಿ ಮರದ ಬೇರು, ಒದ್ದೆ ಕಲ್ಲು, ಗೋಡೆ ಎತ್ತಿದ ತಿರುವು, ಹಾರುದಿಬ್ಬಗಳನ್ನು ಇಟ್ಟಿದ್ದಾನೆ. ಅದನ್ನು ದಿನಕ್ಕೊಮ್ಮೆ ಅಲ್ಲ, ಲಿಫ್ಟು ನಿಲ್ಲುವವರೆಗೆ ಹತ್ತು ಸಲ ಇಳಿಯಬಹುದು. ಹತ್ತು ಸಲವೆಂದರೆ ದಿನಕ್ಕೆ 5,000 ಮೀಟರ್ ಇಳಿಜಾರು. ಮೋಂ ಬ್ಲಾಂ ತುದಿಯಿಂದ ಸಮುದ್ರಕ್ಕೆ ಇಳಿದರೂ ಅಷ್ಟು ಆಗುವುದಿಲ್ಲ.

ಅಷ್ಟು ಇಳಿಯುವಾಗ ತೊಡೆಗೆ ಏನೂ ಆಗುವುದಿಲ್ಲ ಎಂದಲ್ಲ, ಪೆಡಲ್ ಮೇಲೆ ನಿಂತೇ ಇರಬೇಕು. ಆದರೆ ಮೊದಲು ಕೈ ಸೋಲುತ್ತದೆ. ಒಂದು ಬೆರಳು ಸದಾ ಬ್ರೇಕಿನ ಮೇಲೆ, ಮಿಕ್ಕವು ಹ್ಯಾಂಡಲ್ಲಿನ ಮೇಲೆ, ನೆಲದ ಒಂದೊಂದು ಗುಂಡಿಯ ವಿಚಾರಣೆಯೂ ಮುಂಗೈಯಲ್ಲೇ. ನಾಲ್ಕನೇ ಸುತ್ತಿಗೆ ಮುಂಗೈ ಒನಕೆಯಂತೆ ಬಿಗಿದು ಬೆರಳು ಮಡಚುವುದೇ ಇಲ್ಲ. ಆಗಸ್ಟ್ ಕೊನೆ ಎಂದರೆ ಇನ್ನೂ ಚೆನ್ನ. ಎರಡು ತಿಂಗಳಿನಿಂದ ಸಾವಿರಾರು ಜನ ಅದೇ ತಿರುವಿನ ಮುಂಚೆ ಬ್ರೇಕ್ ಒತ್ತಿ ನೆಲವನ್ನು ಉತ್ತಿರುತ್ತಾರೆ. ಅಲ್ಲಿ ಎದ್ದ ಸಾಲು ಉಬ್ಬುಗಳ ಮೇಲೆ ಹಲ್ಲಿನ ಫಿಲ್ಲಿಂಗ್ ಕೂಡ ಸದ್ದು ಮಾಡುತ್ತದೆ. ಹೀಗೆ ನಾನು ವಿವರಿಸುತ್ತಿದ್ದಾಗ ಅಕ್ಕ ಫೋನ್ ಕಸಿದುಕೊಂಡಳು. "ಮುಂಗೈ ಗಟ್ಟಿಯಾಗ್ಬೇಕು ಅಷ್ಟೇ ತಾನೆ?" ಅಂದಿನಿಂದ ಮನೆಯ ಬೆಡ್‌ಶೀಟ್‌ಗಳನ್ನು ಭಾವನವರೇ ಹಿಂಡಿ ಒಣಗಹಾಕುತ್ತಿದ್ದಾರೆ. ತೆಂಗಿನಕಾಯಿ ತುರಿಯುವುದೂ ಅವರೇ. ಚಕ್ಕುಲಿ ಒತ್ತುವ ಕೆಲಸ ಗೋಕುಲಾಷ್ಟಮಿಗೆ ಬರಲಿದೆ. ಆಲ್ಪ್ಸ್‌ನಿಂದ ನಮ್ಮ ಮನೆಗೆ ಈ ತನಕ ಆಗಿರುವ ಲಾಭ ಇಷ್ಟು, ಸಣ್ಣದೇನಲ್ಲ.

ಸೈಕಲ್ಲು ಯಾವುದು ಎಂಬುದರ ಮೇಲೆ ಒಂದು ವಾರ ಮುನಿಸು ನಡೆಯಿತು. ಸಾಕಿದ ಸೈಕಲ್ಲನ್ನು ಬಿಟ್ಟು ಬಾಡಿಗೆಯದರ ಮೇಲೆ ಕೂರುವುದೇ ಎಂದು ಭಾವ. ಅವರದು ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್ಲು, ತುರಹಳ್ಳಿ ಕಾಡಿನ ಜಾಡುಗಳಿಗೆ ಬೇಕಾದಷ್ಟಾಯಿತು. ಮೊರ್ಜೀನ್‌ಗೆ ಎರಡೂ ಕಡೆ ಕುಣಿಯುವ ಗಾಡಿ, ಮುಖ ಮುಚ್ಚುವ ಹೆಲ್ಮೆಟ್ಟು, ಮೊಣಕಾಲಿಗೂ ಮೊಣಕೈಗೂ ಕವಚ ಬೇಕು. ಬಾಡಿಗೆ ದಿನಕ್ಕೆ ನೂರು ಯೂರೋ ಆಸುಪಾಸು. ಆ ಸಂಖ್ಯೆಯನ್ನು ರೂಪಾಯಿಗೆ ತಿರುಗಿಸುವ ಕೆಟ್ಟ ಅಭ್ಯಾಸವನ್ನು ವಿಮಾನ ಹತ್ತುವ ಮೊದಲೇ ಬಿಡಬೇಕು, ಇಲ್ಲವಾದರೆ ಕಾಫಿ ಕೂಡ ಗಂಟಲಲ್ಲಿ ಇಳಿಯುವುದಿಲ್ಲ. ಬ್ಯಾಟರಿ ಸೈಕಲ್ ಕೊಂಡು ಅದನ್ನೇ ತರುತ್ತೇನೆ ಎಂಬ ಮಾತೂ ಒಮ್ಮೆ ಬಂತು. ಪ್ರಯಾಣಿಕರ ವಿಮಾನದಲ್ಲಿ 160 ವಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿ ಒಯ್ಯುವಂತಿಲ್ಲ, ಈ ಸೈಕಲ್ಲುಗಳದ್ದು ಸಾಮಾನ್ಯವಾಗಿ ಅದರ ಮೂರು ನಾಲ್ಕು ಪಟ್ಟು. ಬ್ಯಾಟರಿ ಇಲ್ಲದ ಬ್ಯಾಟರಿ ಸೈಕಲ್ಲನ್ನು ಪೆಟ್ಟಿಗೆಯಲ್ಲಿ ತರಲು ಅಡ್ಡಿಯಿಲ್ಲ ಎಂದೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಬಾಡಿಗೆ ಸೈಕಲ್ಲಿನಲ್ಲಿ ನಿಜವಾದ ಗಂಡಾಂತರ ಬೇರೆ ಇದೆ, ಅದನ್ನು ಬಹಳ ಜನ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ. ಯುರೋಪಿನ ಈ ಭಾಗದಲ್ಲಿ ತಿರುಗುಮುರುಗು, ಎಡಗೈ ಮುಂದಕ್ಕೆ, ಬಲಗೈ ಹಿಂದಕ್ಕೆ. ಕಡಿದಾದ ಇಳಿಜಾರಿನಲ್ಲಿ ಗಾಬರಿಯಾದಾಗ ತಲೆ ಯೋಚಿಸುವುದಿಲ್ಲ, ಕೈ ತನ್ನ ಹಳೆಯ ಅಭ್ಯಾಸಕ್ಕೆ ಹೋಗುತ್ತದೆ. ಹಿಂದಿನ ಚಕ್ರವೆಂದು ಎಡಗೈ ಬಿಗಿ ಹಿಡಿದರೆ ಮುಂದಿನದು ಕಚ್ಚಿಕೊಂಡು ನಿಲ್ಲುತ್ತದೆ, ಸವಾರ ಮಾತ್ರ ನಿಲ್ಲುವುದಿಲ್ಲ. ಇಂಗ್ಲೆಂಡಿನವರದೂ ನಮ್ಮದೇ ಪದ್ಧತಿ. ಅವರು ಮೊರ್ಜೀನ್‌ನಲ್ಲಿ ದಂಡಿಯಾಗಿ ಬಂದು ಬೀಡುಬಿಡುವುದರಿಂದ ಅಲ್ಲಿನ ಅಂಗಡಿಗಳಲ್ಲಿ ಕೇಳಿದರೆ ಬದಲಿಸಿ ಕೊಡುತ್ತಾರೆ. "ನೋಡಿದ್ಯಾ, ಇನ್ನೂರು ವರ್ಷ ಆಳಿದ್ದಕ್ಕೆ ಇದೊಂದು ಉಪಕಾರ ಆಯ್ತು" ಎಂದರು ಭಾವ.

ಜಾಡುಗಳಿಗೆ ಇಲ್ಲಿ ಬಣ್ಣ ಕಟ್ಟಿರುತ್ತಾರೆ. ಹಸಿರು, ನೀಲಿ, ಕೆಂಪು, ಕಪ್ಪು, ಕಷ್ಟ ಏರುತ್ತ ಹೋಗುತ್ತದೆ. ಭಾವನವರ ಯಾದಿಯಲ್ಲಿ ಹಸಿರಿಗೆ ಜಾಗವೇ ಇಲ್ಲ, ಅದು ಮಕ್ಕಳಿಗಂತೆ. ನೀಲಿ ಮೊದಲ ದಿನ, ಕೆಂಪು ಎರಡನೇ ದಿನ, ಕಪ್ಪು ಶನಿವಾರ. ಶನಿವಾರಕ್ಕೂ ಕಪ್ಪಿಗೂ ಅವರೇನೋ ಗ್ರಹಗತಿ ಜೋಡಿಸಿದಂತಿದೆ. ಆಲ್ಪ್ಸ್‌ನ ನೀಲಿ ಎಂದರೆ ಸಾಮಾನ್ಯವಲ್ಲ. ಮಳೆ ಬಿದ್ದ ಮಧ್ಯಾಹ್ನ ಅದೇ ನೀಲಿ ಕೆಂಪಾಗುತ್ತದೆ, ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗುಮಳೆ ಇಲ್ಲಿ ಅಪರೂಪವೂ ಅಲ್ಲ. ಎಂಟು ವರ್ಷದ ಫ್ರೆಂಚ್ ಹುಡುಗಿಯೊಬ್ಬಳು ಗಾಳಿಯಲ್ಲಿ ತೇಲಿ ನಿಮ್ಮನ್ನು ದಾಟಿ ಹೋಗುತ್ತಾಳೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ ಎಂದಿದ್ದೇನೆ. ನಗುತ್ತಾರೆ.

ಕಾಗದಪತ್ರದ ವಿಷಯ ಬಂದಾಗ ಆ ನಗು ನಿಂತಿತು. ಷೆಂಗೆನ್ ವೀಸಾಕ್ಕೆ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಶುಲ್ಕ. ಬ್ಯಾಂಕ್ ಲೆಕ್ಕ, ಆದಾಯ ತೆರಿಗೆಯ ಕಾಗದ, ಆಫೀಸಿನ ರಜಾಪತ್ರ, ಉಳಿಯುವ ಜಾಗದ ಬುಕಿಂಗು. ಹೆಚ್ಚು ರಾತ್ರಿ ಯಾವ ದೇಶದಲ್ಲೋ ಅರ್ಜಿ ಆ ದೇಶಕ್ಕೆ. ನಮ್ಮ ಮನೆಯಲ್ಲಿ ಐದು ರಾತ್ರಿ, ಮೊರ್ಜೀನ್‌ನಲ್ಲಿ ಏಳು, ಹಾಗಾಗಿ ಫ್ರಾನ್ಸು. ಇದಕ್ಕೆ ಅಕ್ಕನಿಗೆ ಬೇಸರ: "ತಮ್ಮನ ಮನೆಗಿಂತ ಹೋಟೆಲ್ ಹೆಚ್ಚಾಯ್ತಾ ನಿಮಗೆ?" ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಎಂಬ ಸಾಲಿದೆ. ಪ್ರವಾಸ, ವ್ಯಾಪಾರ, ನೆಂಟರ ಭೇಟಿ ಎಂಬುದರ ಜತೆಗೆ ಕ್ರೀಡೆ ಎಂಬ ಚೌಕವೂ ಇದೆ. ಭಾವನವರು ಪೆನ್ನು ಹಿಡಿದು ಕ್ರೀಡೆಗೇ ಗುರುತು ಹಾಕಲು ಹೊರಟಿದ್ದರು. ಯಾವ ಪಂದ್ಯ, ಕರೆಸಿಕೊಂಡ ಸಂಸ್ಥೆ ಯಾವುದು ಎಂದು ಪತ್ರ ಕೇಳುತ್ತಾರೆ ಎಂದು ತಡೆದೆ. ಪ್ರವಾಸಕ್ಕೆ ಗುರುತು ಹಾಕುವಾಗ ಅವರಿಗೆ ಆದ ಅವಮಾನ ದನಿಯಲ್ಲೇ ತಿಳಿಯುತ್ತಿತ್ತು.

ವಿಮೆ ಕನಿಷ್ಠ 30,000 ಯೂರೋದ್ದು ಕಡ್ಡಾಯ. ವೀಸಾಕ್ಕೆ ಅಷ್ಟು ಸಾಕು, ಭಾವನವರಿಗೆ ಸಾಲದು. ನಮ್ಮಲ್ಲಿ ಸಿಗುವ ಎಷ್ಟೋ ಪ್ರವಾಸ ವಿಮೆಗಳ ಸಣ್ಣ ಅಕ್ಷರದ ಪುಟಗಳಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುತ್ತಾರೆ. ಬಚ್ಚಲಲ್ಲಿ ಜಾರಿ ಬಿದ್ದರೆ ಹಣ ಉಂಟು, ಬೆಟ್ಟದಲ್ಲಿ ಜಾರಿದರೆ ಇಲ್ಲ. ಅದನ್ನು ಬಿಡಿಸಿ ಕೇಳಿ, ಬೇಕಾದರೆ ಹೆಚ್ಚು ಕಟ್ಟಿ, ಬರಹದಲ್ಲಿ ಪಡೆಯಬೇಕು. ಯಾಕೆಂದರೆ ಸ್ವಿಟ್ಜರ್ಲೆಂಡಿನ ಕಡೆ ಬಿದ್ದು ಹೆಲಿಕಾಪ್ಟರ್ ಬಂದರೆ ಹಿಂದೆಯೇ ಬಿಲ್ಲೂ ಬರುತ್ತದೆ. ಫ್ರಾನ್ಸಿನ ಬೆಟ್ಟಗಳಲ್ಲಿ ಸರ್ಕಾರಿ ರಕ್ಷಣಾ ದಳ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ, ಆದರೆ ಲಿಫ್ಟ್ ಕಂಪನಿಯ ಜಾಡಿನ ಮೇಲೆ ಬಿದ್ದವರನ್ನು ಕೆಳಗಿಳಿಸಲು ಶುಲ್ಕವುಂಟು. "ಅಂದ್ರೆ ಜಾಡು ಬಿಟ್ಟು, ಗಡಿಯಿಂದ ಈಚೆಗೆ, ಫ್ರಾನ್ಸ್ ಕಡೆ ವಾಲಿಕೊಂಡು ಬೀಳ್ಬೇಕು" ಎಂದು ಭಾವ ಬರೆದುಕೊಂಡರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ಅವರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ.

ಊಟದ ವಿಷಯದಲ್ಲಿ ಮನೆಮಂದಿಗೆಲ್ಲ ಅಭಿಪ್ರಾಯವಿದೆ. ಮೊರ್ಜೀನ್ ಇರುವುದು ಸವೋಯ್ ಸೀಮೆಯಲ್ಲಿ, ಅಲ್ಲಿ ಚೀಸ್ ಇಲ್ಲದ ತಟ್ಟೆ ಕಾಣುವುದು ಕಷ್ಟ. ಪಕ್ಕದ ಕಣಿವೆಯ ಅಬೋಂದಾನ್ಸ್ ಹಸುಗಳು ಕಣ್ಣಿನ ಸುತ್ತ ಕಂದು ಬಣ್ಣವಿದ್ದು ಕನ್ನಡಕ ಹಾಕಿದಂತೆ ಕಾಣುತ್ತವೆ. ಕೊರಳಲ್ಲಿ ದೊಡ್ಡ ಗಂಟೆ, ಜಾಡಿನ ನಡುವೆಯೇ ಮಲಗುವ ಹಕ್ಕು ಅವಕ್ಕಿದೆ. ಆಲೂಗಡ್ಡೆಯೂ ಚೀಸೂ ಸೇರಿದ ತಾರ್ತಿಫ್ಲೆಟ್ ನೋಡಿ ಸಸ್ಯಾಹಾರಿಗಳು ಹಿಗ್ಗುವಂತಿಲ್ಲ, ಒಳಗೆ ಹಂದಿಮಾಂಸದ ಚೂರುಗಳಿರುತ್ತವೆ. ಕರಗಿಸಿದ ಚೀಸನ್ನು ಬೆಂದ ಆಲೂಗಡ್ಡೆ ಮೇಲೆ ಸುರಿಯುವ ರಾಕ್ಲೆಟ್‌ನಲ್ಲಿ ಮಾಂಸದ ತಟ್ಟೆ ಬೇರೆ ಬರುತ್ತದೆ, ಅದನ್ನು ಬೇಡವೆಂದರೆ ಆಯಿತು. ಮೂರನೇ ದಿನಕ್ಕೆ ನಾಲಿಗೆ ಸಾರು ಕೇಳುತ್ತದೆ. ಅಮ್ಮ ಈಗಾಗಲೇ ಪಟ್ಟಿ ಬರೆಸಿದ್ದಾರೆ: ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕರಿಬೇವು, ಒಂದು ಡಬ್ಬಿ ತುಪ್ಪ.

ತುಪ್ಪ ಬರುವಂತಿಲ್ಲ. ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವಿಗೆ, ಮಾವಿನಹಣ್ಣಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಪ್ರಮಾಣಪತ್ರವಿಲ್ಲದೆ ಬಿಡುವ ಹಣ್ಣುಗಳು ಐದೇ: ಅನಾನಸ್, ತೆಂಗಿನಕಾಯಿ, ಡ್ಯೂರಿಯನ್, ಬಾಳೆಹಣ್ಣು, ಖರ್ಜೂರ. ಇದನ್ನು ಓದಿ ಹೇಳಿದಾಗ ಅಮ್ಮನ ಮುಖ ಅರಳಿತು. "ಹಣ್ಣುಕಾಯಿ ಬಿಡ್ತಾರೆ ಅಂದ್ಮೇಲೆ ಇನ್ನೇನು! ಸೈಕಲ್ಲಿಗೆ ಅಲ್ಲೇ ಪೂಜೆ ಮಾಡಿಸಿ ಹತ್ತಿಸು." ಬಾಡಿಗೆ ಅಂಗಡಿಯ ಮುಂದೆ ಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ದೃಶ್ಯ ನನ್ನ ಕಣ್ಣ ಮುಂದೆ ಬಂತು. ನಿಂಬೆ ಆ ಐದರಲ್ಲಿ ಇಲ್ಲ, ಅದನ್ನು ಅಲ್ಲೇ ಕೊಳ್ಳಬೇಕು.

ಇಷ್ಟೆಲ್ಲ ಆಗಿ ಕಳೆದ ವಾರ ಅಕ್ಕ ತನ್ನ ನಿರ್ಧಾರ ಪ್ರಕಟಿಸಿದಳು. ಸೈಕಲ್ ಗೀಕಲ್ ತನಗೆ ಬೇಡ. ನಡೆದಾಡುವವರಿಗೆ ಲಿಫ್ಟಿನ ಟಿಕೆಟ್ ಬೇರೆ ಇದೆ ಎಂದು ಅವಳೇ ಪತ್ತೆ ಮಾಡಿದ್ದಾಳೆ. ಬೆಳಗ್ಗೆ ಮೇಲೆ ಹೋಗುವುದು, ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಬೆಟ್ಟ ನೋಡುತ್ತ ಕೂರುವುದು, ಮಕ್ಕಳಿಗೆ ಐಸ್‌ಕ್ರೀಮು, ಸಂಜೆ ಅದೇ ಲಿಫ್ಟಿನಲ್ಲಿ ಕೂತು ಕೆಳಗೆ ಬರುವುದು. ಈ ಇಡೀ ಯೋಜನೆಯಲ್ಲಿ ಬುದ್ಧಿ ಉಪಯೋಗಿಸಿದ ಭಾಗ ಇದೊಂದೇ ಎಂದು ನಾನು ಒಪ್ಪಿಕೊಂಡೆ.

ರಾತ್ರಿ ಹನ್ನೊಂದಕ್ಕೆ, ಅಂದರೆ ಬೆಂಗಳೂರಿನಲ್ಲಿ ಎರಡೂವರೆಗೆ, ಭಾವನವರ ಫೋನು. ದನಿ ತಗ್ಗಿಸಿದ್ದರು. "ಒಂದು ಮಾತು ಕೇಳ್ತೀನಿ, ನಿಮ್ಮಕ್ಕನಿಗೆ ಹೇಳಬೇಡ. ಆ ಲಿಫ್ಟಲ್ಲಿ ಸೈಕಲ್ ಮೇಲಕ್ಕೆ ಹೋಗತ್ತಲ್ಲ, ಅದೇ ಲಿಫ್ಟಲ್ಲಿ ಕೆಳಕ್ಕೂ ಬರತ್ತಾ?"

"ಕೇಳಿದ್ರೆ ಕೂರಿಸಿಕೊಳ್ತಾರೆ ಭಾವ. ಆದ್ರೆ ಕೊನೇ ಲಿಫ್ಟು ಸಂಜೆ ಐದರ ಹೊತ್ತಿಗೆ. ಅದು ತಪ್ಪಿದ್ರೆ ಇಳಿಯೋದೇ ಗತಿ."

"ಐದಕ್ಕಾ? ಹಾಗಾದ್ರೆ ನಾಲ್ಕೂವರೆಗೇ ಬಂದು ನಿಂತಿರ್ತೀನಿ ಬಿಡು" ಎಂದರು.